ಚೂಪಾದದ್ದೇ ಗುರಿ ಮುಟ್ಟುತ್ತದೆಯೇ?



"ಶೂಟಿಂಗ್ ಕಲೀತಾ ಇದ್ದೀನಿ" ಎಂದು ನಿಮ್ಮಲ್ಲಿ ಯಾರಾದರೂ ಹೇಳಿದರೆ, ನಮ್ಮ ಸಂಘದ ಹಿರಿಯರಲ್ಲಿ ಕೆಲವರು ಇಂದಿಗೂ "ಯಾವ ಸಿನಿಮಾ?" ಎಂದು ಕೇಳಿಬಿಡುತ್ತಾರೆ. ನಾನೂ ಅದೇ ಜಾತಿಗೆ ಸೇರಿದವಳು. ಆದರೆ ಕಾಲ ಬದಲಾಗಿದೆ. 2014ರಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದರು. ನಿಮ್ಮಲ್ಲೂ ಕೆಲವರು ರೇಂಜಿಗೆ ಹೋಗುತ್ತಿರುವುದು ನನಗೆ ಗೊತ್ತು. ಅದಕ್ಕೇ ನಾನು ಮಾಡಿದ ಒಂದು ತಪ್ಪನ್ನು ನಿಮ್ಮೆದುರು ಇಡುತ್ತಿದ್ದೇನೆ.

ನನ್ನ ಮಗಳು ಪುಣೆಯಲ್ಲಿ ಕಾಲೇಜು ಓದುವಾಗ ಈ ಆಟ ಹಿಡಿದಳು. ಆಯ್ಕೆ ಸ್ಪರ್ಧೆಯ ಹಿಂದಿನ ದಿನ ಪೆಲೆಟ್ ಮುಗಿದಿತ್ತು. ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆ, ಹಾಗಾಗಿ ಅಂಗಡಿಗೆ ನಾನು ಹೋದೆ. ಮೂರು ಬಗೆಯ ಡಬ್ಬಿಗಳಿದ್ದವು: ಚಪ್ಪಟೆ ಮೂತಿಯದು, ಗುಂಡು ಮೂತಿಯದು, ಚೂಪು ಮೂತಿಯದು. ಸೂಜಿ ಚೂಪಾಗಿದ್ದರಲ್ಲವೇ ಬಟ್ಟೆಗೆ ನೆಟ್ಟಗೆ ಇಳಿಯುವುದು? ನಾಲ್ಕು ಕಾಸು ಹೆಚ್ಚಾದರೂ ಇರಲಿ ಎಂದು ಚೂಪಿನದನ್ನೇ ತಂದೆ. ಮಗಳು ಡಬ್ಬಿ ತೆರೆದು ನೋಡಿದಳು, ಏನೂ ಅನ್ನಲಿಲ್ಲ.

ಮರುದಿನ ಒಂದೇ ಒಂದು ಅಂಕದಿಂದ ಅವಳ ಆಯ್ಕೆ ತಪ್ಪಿತು. ಹತ್ತರ ಗೆರೆಯ ಪಕ್ಕದಲ್ಲೇ ಒಂದು ತೂತು ಬಿದ್ದಿತ್ತು. ಸುತ್ತ ಕಾಗದ ಹರಿದು ಸಿಬಿರು ಎದ್ದಿತ್ತು. ತೀರ್ಪುಗಾರರು ಗೇಜ್ ಇಟ್ಟು, ಭೂತಗನ್ನಡಿ ಹಿಡಿದು ನೋಡಿ, ಕೊನೆಗೆ ಒಂಬತ್ತು ಬರೆದರು. ಬಸ್ಸಿನಲ್ಲಿ ಮನೆಯವರೆಗೂ ಅವಳು ಮಾತಾಡಲಿಲ್ಲ.

ಆಮೇಲೆ ನಾನು ಓದಲು ಕುಳಿತೆ. ಇಂಗ್ಲಿಷ್ ಬಿ.ಎ. ಮಾಡಿದ್ದು ಹಾಲಿನ ಲೆಕ್ಕ ಬರೆಯುವುದಕ್ಕಿಂತ ಹೆಚ್ಚಿನದಕ್ಕೆ ಉಪಯೋಗವಾದದ್ದು ಆಗಲೇ!

ಏರ್ ಪಿಸ್ತೂಲಿನ ಪೆಲೆಟ್ಟಿನ ಅಡ್ಡಳತೆ 4.5 ಮಿಲಿಮೀಟರ್. ಗುರಿಹಲಗೆಯ ಹತ್ತರ ವೃತ್ತ 11.5 ಮಿಲಿಮೀಟರ್. ತೂತಿನ ಅಂಚು ಗೆರೆಗೆ ತಾಗಿದರೂ ಸಾಕು, ಮೇಲಿನ ಅಂಕ ಸಿಗುತ್ತದೆ. ಹೀಗಿರುವಾಗ ಅಂಚು ಸ್ಪಷ್ಟವಾಗಿ ಕಾಣಬೇಡವೇ? ಪೂರಿ ಹಿಟ್ಟನ್ನು ಅಗಲವಾಗಿ ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಒತ್ತಿ ನೋಡಿ, ದುಂಡಗೆ ಕತ್ತರಿಸಿ ಬರುತ್ತದೆ. ಅದೇ ಹಿಟ್ಟಿಗೆ ಬೆರಳು ಚುಚ್ಚಿದರೆ? ಹಿಗ್ಗುತ್ತದೆ, ಹರಿಯುತ್ತದೆ, ಬೆರಳು ತೆಗೆದರೆ ತೂತು ಕುಗ್ಗುತ್ತದೆ. ಚಪ್ಪಟೆ ಮೂತಿಯದು ಕಾಗದವನ್ನು ಮುಚ್ಚಳದಂತೆ ಕತ್ತರಿಸುತ್ತದೆ, ಚೂಪಿನದು ಬೆರಳಿನಂತೆ ಹರಿಯುತ್ತದೆ. ಚಪ್ಪಟೆಯದಕ್ಕೆ 'ವ್ಯಾಡ್‌ಕಟರ್' ಎಂದು ಹೆಸರು. ಚೂಪಿನದರ ತುದಿ ಡಬ್ಬಿಯಲ್ಲೇ ಒಂದಕ್ಕೊಂದು ತಾಗಿ ಸೊಟ್ಟಗಾಗುವುದೂ ಉಂಟು. ಸೊಟ್ಟ ತುದಿ ಎಲ್ಲಿಗೆ ನೆಟ್ಟಗೆ ಹೋದೀತು?

ಮದ್ದಿನ ಪಿಸ್ತೂಲಿನಲ್ಲೂ ಇದೇ ನ್ಯಾಯ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗೆ .32 ವ್ಯಾಡ್‌ಕಟರ್ ಬಹುಕಾಲದಿಂದ ಹೆಸರಾದ ಗುಂಡು. ಈ ಸ್ಪರ್ಧೆಯಲ್ಲೇ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು. ಅಮೆರಿಕದಂಥ ಕಡೆ ಶೂಟರುಗಳು ಖಾಲಿ ಕೇಸುಗಳನ್ನು ತಾವೇ ಮತ್ತೆ ತುಂಬಿಕೊಳ್ಳುತ್ತಾರೆ. ಆಗ ಗುಂಡಿನ ಆಕಾರ ಆರಿಸುವುದೇ ಒಂದು ದೊಡ್ಡ ಯೋಚನೆ. ರಿವಾಲ್ವರಿಗೆ ಪೂರ್ತಿ ಚಪ್ಪಟೆಯಾದದ್ದು ಒಗ್ಗುತ್ತದೆ. ತಾನೇ ಗುಂಡು ಏರಿಸಿಕೊಳ್ಳುವ ಅನೇಕ ಪಿಸ್ತೂಲುಗಳಲ್ಲಿ ಆ ಚಪ್ಪಟೆ ಮೂತಿ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆಂದೇ 'ಸೆಮಿ ವ್ಯಾಡ್‌ಕಟರ್' ಇದೆ. ಅದರ ಮುಂದಿನ ಮೊಟಕು ಮೂತಿ ಒಳಗೆ ಜಾರಲು ನೆರವಾಗುತ್ತದೆ, ಹಿಂದಿನ ಚೂಪು ಭುಜ ಕಾಗದ ಕತ್ತರಿಸುತ್ತದೆ. ದೂರ ಹೆಚ್ಚಿದಂತೆ ಚಪ್ಪಟೆ ಮೂತಿ ಗಾಳಿಗೆ ಎದೆಯೊಡ್ಡಿ ಬೇಗ ಸೋಲುತ್ತದೆ. ಅಲ್ಲಿ ಗುಂಡು ಮೂತಿಯೇ ವಾಸಿ. ಹಾಗಾಗಿ ಒಂದೇ ಆಕಾರ ಎಲ್ಲಕ್ಕೂ ಮೇಲು ಎನ್ನುವ ಹಾಗಿಲ್ಲ. ಪಿಸ್ತೂಲು ಯಾವುದು, ದೂರ ಎಷ್ಟು, ಎದುರಿಗಿರುವುದು ಏನು ಎಂದು ನೋಡಿ ಆರಿಸಬೇಕು.

ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮದ್ದುಗುಂಡು 1959ರ ಶಸ್ತ್ರಾಸ್ತ್ರ ಕಾಯಿದೆಗೆ ಒಳಪಟ್ಟದ್ದು. ಓದಿ ತಿಳಿಯಿರಿ, ಮನೆಯಲ್ಲಿ ಕೈಹಾಕುವ ಮಾತು ಬೇಡ.

ಏರ್ ಪಿಸ್ತೂಲಿನವರು ಮಾತ್ರ ಇಷ್ಟು ಮಾಡಬಹುದು. ಚಪ್ಪಟೆ ಮೂತಿಯಲ್ಲೇ 4.49, 4.50, 4.51 ಹೀಗೆ ತಲೆಯ ಅಳತೆಗಳಿವೆ. ಕೋಚ್ ಎದುರು ಪಿಸ್ತೂಲನ್ನು ಅಲುಗದಂತೆ ಬಿಗಿದು, ಪ್ರತಿಯೊಂದರಲ್ಲೂ ಹತ್ತು ಹೊಡೆದು ನೋಡಿ. ಯಾವುದರ ತೂತುಗಳು ಒಂದರ ಮೇಲೊಂದು ಬೀಳುತ್ತವೋ ಅದೇ ನಿಮ್ಮದು. ಸ್ಪರ್ಧೆಗೆ ಅದೇ ಡಬ್ಬಿ ಬಳಸಿ, ಹೊಸ ಡಬ್ಬಿಯನ್ನು ಹಿಂದಿನ ದಿನ ತರಬೇಡಿ. ಪೆಲೆಟ್ ಸೀಸದ್ದು, ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ತಾಯಿಯಾಗಿ ಇದನ್ನು ಹೇಳದೆ ಇರಲಾರೆ!

ಎಷ್ಟೋ ದಿನದ ಮೇಲೆ ಮಗಳನ್ನು ಕೇಳಿದೆ: "ಆ ಡಬ್ಬಿ ಸರಿಯಿಲ್ಲಾಂತ ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತಮ್ಮಾ. ಬಿಸಿಲಲ್ಲಿ ಅಷ್ಟು ದೂರ ಹೋಗಿ ತಂದಿದ್ದೆ. ನಿಂಗೆ ಬೇಜಾರಾಗುತ್ತೇಂತ ಸುಮ್ಮನಾದೆ."

ಆ ಒಂದು ಅಂಕ ಹೋದದ್ದಕ್ಕಿಂತ ಈ ಮಾತೇ ನನಗೆ ಹೆಚ್ಚು ನಾಟಿತು. ಮಕ್ಕಳೇ, 'ಅಪ್ಪ ಅಮ್ಮನಿಗೆ ನಮ್ಮ ಲೋಕ ಅರ್ಥವಾಗೋದಿಲ್ಲ' ಎಂದುಕೊಂಡು ನೀವು ಸುಮ್ಮನಿರುವುದುಂಟು. ಅರ್ಥವಾಗುವುದಿಲ್ಲ, ನಿಜ. ಆದರೆ ಹೇಳಿದರೆ ಕಲಿಯುತ್ತೇವೆ. "ಅಮ್ಮಾ, ಇದಲ್ಲ, ಚಪ್ಪಟೆಯದು ಬೇಕು" ಎಂದಿದ್ದರೆ, ಅಂಗಡಿ ಮುಚ್ಚುವ ಮೊದಲೇ ನಾನು ಇನ್ನೊಮ್ಮೆ ಹೋಗಿ ಬರುತ್ತಿದ್ದೆ.