ಆಸರೆ ಕೇಳಿ ಬಂದವರೇ ನಡೆಸಿದ ಆಶ್ರಮ

ಅಂಧರಿಗೆ, ಅನಾಥರಿಗೆ ಆಸರೆ ಕೊಡುವ ಸಣ್ಣ ಸಂಸ್ಥೆಗಳ ದೊಡ್ಡ ಚಿಂತೆ ಕಟ್ಟಡದ್ದಲ್ಲ, ಕೆಲಸಕ್ಕೆ ನಿಲ್ಲುವ ಜನರದ್ದು. ಸಂಬಳ ಅಷ್ಟಕ್ಕಷ್ಟೆ, ದುಡಿಮೆಗೆ ಹಗಲು ರಾತ್ರಿಯಿಲ್ಲ. ತಯಾರಾದ ಹುಡುಗರು ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ. ಈ ತೊಡಕನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮ ತನ್ನದೇ ರೀತಿಯಲ್ಲಿ ಬಿಡಿಸಿಕೊಂಡಿತು. ಅದರ ಬೇರು ಮಾತ್ರ ಗದಗಿನಲ್ಲಿಲ್ಲ, ಹಾನಗಲ್ ತಾಲ್ಲೂಕಿನಲ್ಲಿದೆ.

ಹಾನಗಲ್ಲಿನ ಕುಮಾರ ಸ್ವಾಮಿಗಳೆಂದರೆ 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಕಟ್ಟಿದವರು. ಜನರನ್ನು ಆರಿಸುವುದರಲ್ಲಿ ಅವರದು ಪಳಗಿದ ಕಣ್ಣು. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ, ಅವನ ಅಣ್ಣ ಗುರುಬಸಯ್ಯ ಇಬ್ಬರೂ ಹುಟ್ಟುಕುರುಡರು. ಕಂಠ ಮಾತ್ರ ಚೆನ್ನಾಗಿತ್ತು. ಸ್ವಾಮಿಗಳು ಹುಡುಗರಿಗೆ ಅನ್ನ ಹಾಕಿ ಸುಮ್ಮನಾಗಲಿಲ್ಲ, ಸಂಗೀತ ಕಲಿಯಲು ಹಚ್ಚಿದರು. 1892ರಲ್ಲಿ ಹುಟ್ಟಿದ್ದ ಗದಿಗೆಯ್ಯ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಅರಗಿಸಿಕೊಂಡು ಪಂಚಾಕ್ಷರಿ ಗವಾಯಿಗಳಾದರು. ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತಿ ಪಾಠ ಹೇಳಿದರು. ಆ ಸಂಚಾರಿ ಪಾಠಶಾಲೆಯೇ ಕೊನೆಗೆ ಗದಗಿನಲ್ಲಿ ಪುಣ್ಯಾಶ್ರಮವಾಗಿ ನೆಲೆ ನಿಂತಿತು.

ಮುಂದಿನವರನ್ನು ತಯಾರು ಮಾಡುವುದರಲ್ಲಿ ಈ ಗುರುಗಳು ಎಂಥವರೆಂದು ತಿಳಿಯಲು ಅವರ ಶಿಷ್ಯ ಪುಟ್ಟರಾಜರೊಬ್ಬರೇ ಸಾಕು. ಅದೇ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಮಗು ಎಳವೆಯಲ್ಲೇ ಕಣ್ಣು ಕಳೆದುಕೊಂಡಿತು, ತಂದೆ ತಾಯಿಯನ್ನೂ ಕಳೆದುಕೊಂಡಿತು. ಸೋದರಮಾವ ಕರೆತಂದು ಗವಾಯಿಗಳ ಮಡಿಲಿಗೆ ಹಾಕಿದರು. 1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮ ಹೊರಗಿನವರನ್ನು ಹುಡುಕಬೇಕಾಗಲಿಲ್ಲ. ಆಸರೆ ಕೇಳಿ ಬಂದಿದ್ದ ಹುಡುಗನೇ ಅದರ ಹೊಣೆ ಹೊತ್ತ, 2010ರವರೆಗೂ ಹೊತ್ತ.

ಖರ್ಚಿಗೆ? ಪುಟ್ಟರಾಜರು ನಾಟಕ ಬರೆದರು, ಆಶ್ರಮದ್ದೇ ನಾಟಕ ಕಂಪನಿ ನಡೆಸಿದರು. ನನಗೆ ಇದೇ ಅವರ ಜಾಣತನದ ಮುಖ್ಯ ಗುರುತು. ಕಂಪನಿಯಿಂದ ಹಣವಷ್ಟೇ ಬರಲಿಲ್ಲ, ಕಲಿತವರ ಕೈಗೆ ಕೆಲಸವೂ ಸಿಕ್ಕಿತು. ಹಾಡಿಗೆ, ತಬಲಾಕ್ಕೆ, ಪಿಟೀಲಿಗೆ ಕಂಪನಿಯಲ್ಲಿ ಯಾವಾಗಲೂ ಜನ ಬೇಕು. ಮೇಲೆ ಭಕ್ತರು ಮಾಡಿಸುತ್ತಿದ್ದ ತುಲಾಭಾರಗಳು. ಸಾವಿರಾರು ಸಲ ತಕ್ಕಡಿಯಲ್ಲಿ ಕೂತ ಪುಟ್ಟರಾಜ ಅಜ್ಜ ಬಂದದ್ದನ್ನೆಲ್ಲ ಮಕ್ಕಳ ಊಟ, ಪಾಠಕ್ಕೆ ಹಾಕಿದರು.

ಬಿಟ್ಟು ಹೋಗುವವರನ್ನು ಹಿಡಿದಿಡುವ ಗೋಜಿಗೂ ಆಶ್ರಮ ಹೋಗಲಿಲ್ಲ. ಪಂಚಾಕ್ಷರಿ ಗವಾಯಿಗಳ ಬಳಿ ಬಸವರಾಜ ರಾಜಗುರು ಕಲಿತರು. ಪುಟ್ಟರಾಜರ ಬಳಿ ಹನ್ನೆರಡು ವರ್ಷ ಇದ್ದ ಎಂ. ವೆಂಕಟೇಶ ಕುಮಾರ್ ಮುಂದೆ ಧಾರವಾಡದಲ್ಲಿ ಸಂಗೀತ ಕಲಿಸಿದರು, 2016ರಲ್ಲಿ ಪದ್ಮಶ್ರೀ ಪಡೆದರು. ಹೋದವರು ಗುರುವಿನ ಹೆಸರು ಹೇಳಿಕೊಂಡೇ ಹಾಡಿದರು. ಅದನ್ನು ಕೇಳಿ ಮತ್ತೆ ಹೊಸ ಮಕ್ಕಳು ಬಂದರು.

ಹಾಗೆಂದು ಇದನ್ನು ಇಂದಿನ ಸಂಸ್ಥೆಗಳು ಇದ್ದ ಹಾಗೇ ನಕಲು ಮಾಡಲಾಗದು. ಗುರುವೇ ಸಂಬಳವಿಲ್ಲದೆ ದುಡಿಯುವಲ್ಲಿ ಶಿಷ್ಯನೂ ದುಡಿದಾನು. ಕಾರ್ಯದರ್ಶಿ ಕಾರಿನಲ್ಲಿ ಬಂದು ಶಿಕ್ಷಕಿಗೆ ಸೇವಾಭಾವದ ಪಾಠ ಹೇಳಿದರೆ ಆಕೆ ಯಾಕೆ ಉಳಿದಾಳು? ನಕಲು ಮಾಡಬಹುದಾದದ್ದು ಒಂದೇ: ನೆರವು ಪಡೆಯಲು ಬಂದವರಲ್ಲೇ ನಾಳೆ ನೆರವು ಕೊಡುವವರನ್ನು ಗುರುತಿಸಿ, ಕಲಿಸಿ, ಕೆಲಸ ವಹಿಸುವುದು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಕಣ್ಣು ಕಾಣದ ಮಗುವನ್ನು ಮನೆಯೊಳಗೇ ಕೂರಿಸಿಕೊಂಡಿರುವವರು ಒಮ್ಮೆ ಅದನ್ನು ಗದಗಿಗೆ ಕರೆದುಕೊಂಡು ಹೋಗಿ ಬನ್ನಿ.