ಹಳೆಯ ಗಾಡಿಯ ಉಳಿದ ಆಯುಷ್ಯ

ವ್ಯಾಕರಣ ಓದಿದವರು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುವುದುಂಟು. ಈ ವಿಂಗಡಣೆಯನ್ನು ಬೋಧಿಸುವಾಗ ನಾನು ವಿದ್ಯಾರ್ಥಿಗಳಿಗೆ ಕೊಡುವ ಒಂದು ಉದಾಹರಣೆ ಜೀಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಒಂದು ವಾಹನದ ಹೆಸರು ಅದು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಅದನ್ನು ಭಾರತದಲ್ಲಿ ಜೋಡಿಸತೊಡಗಿತು. ಅಲ್ಲಿಂದ ನಮ್ಮ ಮಲೆನಾಡಿನ ಘಟ್ಟಗಳನ್ನೇರಿ, ತೋಟದ ಮನೆಗಳ ಅಂಗಳವನ್ನು ಸೇರಿದ ಮೇಲೆ ಅದರ ಅಂಕಿತ ಅಳಿದು ರೂಢಿ ಉಳಿಯಿತು. ಅಡಕೆ ಮೂಟೆಯನ್ನು ಮಂಡಿಗೆ ಸಾಗಿಸುವುದಕ್ಕೂ, ದಿಬ್ಬಣವನ್ನು ಕರೆದೊಯ್ಯುವುದಕ್ಕೂ, ಹೆರಿಗೆಯ ಹೆಣ್ಣುಮಗಳನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಆದ ಗಾಡಿ ಯಾವುದೇ ಇರಲಿ, ಅದು ನಮ್ಮವರ ಬಾಯಲ್ಲಿ ಜೀಪೇ.

ಈಗ ಆ ವಂಶ ಬೆಳೆದಿದೆ. 1998ರಲ್ಲಿ ಟಾಟಾ ಸಫಾರಿ, 2002ರಲ್ಲಿ ಮಹೀಂದ್ರ ಸ್ಕಾರ್ಪಿಯೋ, 2009ರಲ್ಲಿ ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಫಾರ್ಚೂನರ್, ಹೀಗೆ ಒಂದರ ಹಿಂದೊಂದು ದೊಡ್ಡ ಮೈಯ ಗಾಡಿಗಳು ಬಂದವು. ಏಳು ಜನ ಕೂರಬಹುದು. ಹಳ್ಳ ದಿಣ್ಣೆಗಳಿಗೆ ಅಂಜಬೇಕಿಲ್ಲ. ಆದರೆ ಹೊಸದರ ಬೆಲೆಯನ್ನು ಕೇಳಿದ ಅಧ್ಯಾಪಕನು ಎದ್ದು ನಿಂತು ನಮಸ್ಕರಿಸಿ ಹಿಂದಿರುಗುವುದೇ ಲೇಸು. ಆದ್ದರಿಂದ ಹಾಸಿಗೆ ಇದ್ದಷ್ಟು ಕಾಲು ಚಾಚುವ ನನ್ನಂಥವರಿಗೆ ಉಳಿದಿರುವುದು ಹಳೆಯ ಗಾಡಿಯ ದಾರಿ. ಕಳೆದ ವರ್ಷ ಆ ದಾರಿಯನ್ನು ನಾನು ಸ್ವಲ್ಪ ದೂರ ನಡೆದೆ. ಅದೇ ದಾರಿ ಹಿಡಿಯಬೇಕೆಂದಿರುವ ವಾಚಕರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಮೊದಲು, ಇಂಥ ಗಾಡಿ ಬೇಕೇ ಎಂಬ ಪ್ರಶ್ನೆ. ಪೇಟೆಯ ಡಾಂಬರು ಬೀದಿಯಲ್ಲಿ ತರಕಾರಿ ತರಲು ಎರಡು ಟನ್ನಿನ ಗಾಡಿಯನ್ನು ಕೊಳ್ಳುವವರಿಗೆ ನಾನು ಹೇಳುವುದೇನೂ ಇಲ್ಲ. ನನ್ನ ವಿಷಯ ಬೇರೆ. ನಮ್ಮ ತೋಟದ ಮನೆ ತೀರ್ಥಹಳ್ಳಿಯ ಸೀಮೆಯಲ್ಲಿ, ಟಾರು ರಸ್ತೆಯಿಂದ ಮೂರು ಕಿಲೋಮೀಟರು ಒಳಗಿದೆ. ನಡುವೆ ಜಂಬಿಟ್ಟಿಗೆ ಮಣ್ಣಿನ ಒಂದು ಏರು, ಒಂದು ಹಳ್ಳ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ನಮ್ಮೂರಿಗೂ ಪಾಲುಂಟು. ಆಷಾಢದಲ್ಲಿ ಆಟೋದವರು ಏರಿನ ಬುಡಕ್ಕೇ ಕೈಮುಗಿಯುತ್ತಾರೆ. ಆ ಮನೆಯಲ್ಲಿ ಎಪ್ಪತ್ತೆಂಟರ ನನ್ನ ತಾಯಿಯವರಿದ್ದಾರೆ. ಎದೆಯ ನೋವಿಗೆ ಔಷಧಿ ತೆಗೆದುಕೊಳ್ಳುವವರು. ಪೇಟೆಗೆ ಬಂದು ನಮ್ಮೊಡನಿರಿ ಎಂದರೆ, "ನಾನು ಅಲ್ಲಿ ಬಂದು ಕೂತರೆ ಇಲ್ಲಿ ದೀಪ ಹಚ್ಚುವವರು ಯಾರೋ?" ಎನ್ನುತ್ತಾರೆ. ಈ ಪ್ರಶ್ನೆಗೆ ಎಂ.ಎ. ಪದವಿಯಲ್ಲಿ ಉತ್ತರವಿಲ್ಲ. ಅವರನ್ನು ಅಲ್ಲಿಂದ ಕೀಳಬಾರದು ಎಂದಾದರೆ, ಯಾವ ಮಳೆಯ ರಾತ್ರಿಯಲ್ಲೂ ಅಂಗಳದಿಂದ ಹೊರಟು ಆಸ್ಪತ್ರೆಯನ್ನು ಮುಟ್ಟುವ ಗಾಡಿಯೊಂದು ಬೇಕು. ಅಡಕೆಯ ಹಣ, ನನ್ನ ಉಳಿತಾಯ ಎರಡೂ ಕೂಡಿ 7 ಲಕ್ಷ ರೂಪಾಯಿ. ಅದರೊಳಗೆ ಎಲ್ಲವೂ ಆಗಬೇಕು.

ನಮ್ಮ ಪೇಟೆಯ ಗ್ಯಾರೇಜಿನ ಮೇಸ್ತ್ರಿಗಳು ಇದನ್ನೆಲ್ಲ ಕೇಳಿ ಹೇಳಿದ ಮೊದಲ ಮಾತೇ ಈ ಲೇಖನದ ಸಾರ: "ಮೇಷ್ಟ್ರೇ, ಏಳು ಲಕ್ಷದ ಗಾಡಿ ನೋಡಬೇಡಿ. ಐದೂವರೆ ಲಕ್ಷದ ಗಾಡಿ ನೋಡಿ. ಉಳಿದದ್ದನ್ನು ಗಾಡಿಯೇ ಕೇಳುತ್ತದೆ." ಹಳೆಯ ಗಾಡಿಗೆ ಎರಡು ಬೆಲೆ. ಮಾರುವವನಿಗೆ ಕೊಡುವುದು ಒಂದು. ಆಮೇಲೆ ಗಾಡಿಗೇ ಕೊಡುವುದು ಇನ್ನೊಂದು. ಮೊದಲನೆಯದನ್ನು ಚೌಕಾಸಿ ಮಾಡಿ ಇಳಿಸಬಹುದು. ಎರಡನೆಯದರೊಡನೆ ಚೌಕಾಸಿ ನಡೆಯದು. ಇದ್ದ ಹಣವನ್ನೆಲ್ಲ ಮೊದಲನೆಯದಕ್ಕೇ ಸುರಿದವನ ಮನೆಯ ಮುಂದೆ ಗಾಡಿ ಬಿಳಿಯಾನೆಯಾಗಿ ನಿಲ್ಲುತ್ತದೆ.

ಎರಡನೆಯ ವಿಚಾರ ಹೆಸರಿನದು. ಗಾಡಿಯ ಬೆನ್ನಿನ ಮೇಲೆ ಏನು ಬರೆದಿದ್ದರೂ, ಎಂಜಿನ್ನಿನ ಬಲ ನಾಲ್ಕು ಚಕ್ರಗಳಿಗೂ ಮುಟ್ಟುವುದಾದರೆ ಮಾತ್ರ ಆ ಹೆಸರು ಅನ್ವರ್ಥ. ಪೇಟೆಯಲ್ಲಿ ಕಾಣುವ ದೊಡ್ಡ ಗಾಡಿಗಳಲ್ಲಿ ಬಹುಪಾಲು ಎರಡು ಚಕ್ರದ ಬಲದವೇ. ಹಳೆಯ ಸಫಾರಿಯಲ್ಲೂ ಸ್ಕಾರ್ಪಿಯೋದಲ್ಲೂ ಎರಡು ಬಗೆಗಳೂ ಇದ್ದವು. 2021ರಲ್ಲಿ ಅದೇ ಸಫಾರಿಯ ಹೆಸರಿನಿಂದ ಮತ್ತೆ ಬಂದ ಗಾಡಿಯಲ್ಲಾದರೋ ಮುಂದಿನ ಎರಡು ಚಕ್ರಗಳಿಗಷ್ಟೇ ಬಲ. ನಾಲ್ಕು ಚಕ್ರದ ಬಲವಿದ್ದರೂ ಸಾಲದು. 'ಲೋ' ಎಂಬ ಇಳಿಗೇರು ಇರಬೇಕು. ಅದು ವೇಗವನ್ನು ಕಡಿಮೆ ಮಾಡಿ ಎಳೆತವನ್ನು ಹೆಚ್ಚಿಸುತ್ತದೆ. ಕೆಸರಿನ ಏರಿನಲ್ಲಿ ಬೇಕಾಗುವುದು ಓಟವಲ್ಲ, ತಾಳ್ಮೆಯ ಎಳೆತ. ಈ ವ್ಯವಸ್ಥೆಯನ್ನು ಪರೀಕ್ಷಿಸಬೇಕಾದದ್ದು ಒಣಗಿದ ಟಾರಿನ ಮೇಲಲ್ಲ. ಅಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟು ತಿರುಗಿಸಿದರೆ, ಮುಂದಿನ ಚಕ್ರಗಳು ಕ್ರಮಿಸುವ ದೂರ ಬೇರೆ, ಹಿಂದಿನವುಗಳದು ಬೇರೆ ಆಗಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ ಗೇರುಗಳು ಬಿಗಿಯುತ್ತವೆ. ಮಣ್ಣಿನಲ್ಲಿ, ಸಾಧ್ಯವಾದರೆ ಕೆಸರಿನಲ್ಲಿ ನೋಡಬೇಕು. ಮಾರುವವನು ಅದಕ್ಕೆ ಒಪ್ಪದಿದ್ದರೆ ಆ ಒಪ್ಪದಿರುವಿಕೆಯೇ ಉತ್ತರ.

ಮೂರನೆಯದು ಬಿಡಿಭಾಗ. ಮಿತ್ಸುಬಿಷಿಯ ಪಜೇರೊ, ಫೋರ್ಡಿನ ಎಂಡೆವರ್ ಮೊದಲಾದ ಗಟ್ಟಿ ಗಾಡಿಗಳು ಹಳೆಯದರಲ್ಲಿ ಆಸೆ ಹುಟ್ಟಿಸುವ ಬೆಲೆಗೆ ದೊರೆಯುತ್ತವೆ. ಫೋರ್ಡ್ ಸಂಸ್ಥೆ ಭಾರತದಲ್ಲಿ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದ್ದು 2021ರಲ್ಲಿ. ತಯಾರಿಕೆ ನಿಂತ ಮಾತ್ರಕ್ಕೆ ಬಿಡಿಭಾಗ ಸಿಗದೆಂದಲ್ಲ. ಆದರೆ ನಮ್ಮ ಪೇಟೆಗೆ ಅದು ಬರಲು ಎಷ್ಟು ದಿನ, ಬಂದದ್ದನ್ನು ಕೂರಿಸಬಲ್ಲ ಕೈ ಎಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಬೇಕು. ಗಾಡಿ ಎಷ್ಟೇ ಉತ್ತಮವಾಗಿರಲಿ, ಹತ್ತಿರದ ಮೇಸ್ತ್ರಿಗೆ ಅದರ ಒಳಗು ತಿಳಿಯದಿದ್ದರೆ ಅದು ಪರಭಾಷೆಯ ಗ್ರಂಥವಿದ್ದಂತೆ. ಇನ್ನು, 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿಯುಂಟು. ಆಗಾಗ ಹೆದ್ದಾರಿಯಲ್ಲಿ ದೂರ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ದಿನವೂ ನಾಲ್ಕಾರು ಕಿಲೋಮೀಟರು ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಂಡು ಕಾಡುತ್ತದೆ. ತೋಟಕ್ಕೂ ಟಾರು ರಸ್ತೆಗೂ ನಡುವೆ ಓಡಾಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಇಷ್ಟನ್ನು ನಿಶ್ಚಯಿಸಿಕೊಂಡು ಮೇಸ್ತ್ರಿಗಳೊಡನೆ ಮೂರು ಗಾಡಿಗಳನ್ನು ನೋಡಿದೆ. ಹಿಂದೆ ನಮ್ಮ ತಂದೆಯವರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿಗೆ ಬಳಿದ ಬಣ್ಣವನ್ನು ನೋಡುತ್ತಿರಲಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಿದ್ದರು. ಗಾಡಿಗೂ ಹಲ್ಲು ಗೊರಸುಗಳುಂಟೆಂದು ಈಗ ತಿಳಿಯಿತು.

ಮೊದಲನೆಯದು ಕರಾವಳಿಯ ಗಾಡಿ; ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಸ್ತ್ರಿಗಳು ಆ ಹೊಳಪಿನತ್ತ ಕಣ್ಣೆತ್ತಿಯೂ ನೋಡದೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ನುಸುಳಿದರು. ಇಂಥ ಗಾಡಿಯ ಬೆನ್ನೆಲುಬು ಏಣಿಯಂತಿರುವ ಉಕ್ಕಿನ ಚಾಸಿ; ಎಂಜಿನ್ನು, ಮೈ, ಚಕ್ರ ಎಲ್ಲವೂ ಅದಕ್ಕೆ ತಗುಲಿಕೊಂಡಿರುತ್ತವೆ. ಅದಕ್ಕೆ ಹೊಸದಾಗಿ ಕರಿಬಣ್ಣ ಬಳಿದಿತ್ತು. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದಂತೆ ಒಂದೆಡೆ ಗಂಟೆಯ ದನಿ, ಒಂದೆಡೆ ಕೊಳೆತ ಮರದ ದನಿ. ಉಪ್ಪುಗಾಳಿ ಒಳಗಿನಿಂದ ತಿಂದಿತ್ತು. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು. ಬೆನ್ನೆಲುಬು ಹೋದ ಗಾಡಿಗೆ ಮದ್ದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಹಿಂದಿರುಗಿದೆವು.

ಎರಡನೆಯದು ಬಹಳ ಅಗ್ಗ. ಮೇಸ್ತ್ರಿಗಳು ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರು. ಹೊರಗಿನ ಭಾಗ ಶುಭ್ರ, ಸುರುಳಿಯೊಳಗಿದ್ದ ಭಾಗದಲ್ಲಿ ಮಣ್ಣಿನ ಕಲೆ. ಸೀಟಿನ ಕೆಳಗಿನ ಕಂಬಿಗೆ ತುಕ್ಕು, ದೀಪದ ಗಾಜಿನೊಳಗೆ ಕಂದು ಬಣ್ಣದ ಗೆರೆ. ಗಾಡಿ ನೀರಿನಲ್ಲಿ ಮುಳುಗೆದ್ದಿತ್ತು. 2015ರ ಚೆನ್ನೈ ನೆರೆ, 2018ರ ಕೊಡಗು ಕೇರಳಗಳ ನೆರೆ ಇವುಗಳ ತರುವಾಯ ಹಳೆಯ ಗಾಡಿ ಕೊಳ್ಳುವ ಪ್ರತಿಯೊಬ್ಬರೂ ಬೆಲ್ಟನ್ನು ಪೂರ್ತಿ ಎಳೆದು ನೋಡಲೇಬೇಕು. ನೀರು ಕುಡಿದ ವಿದ್ಯುತ್ ತಂತಿಗಳು ಎಂದು ಕೈಕೊಡುತ್ತವೆಂದು ಹೇಳಲಾಗದು.

ಮೂರನೆಯದು ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರದು. ನಾಲ್ಕು ಚಕ್ರದ ಬಲದ 2014ರ ಸಫಾರಿ ಸ್ಟಾರ್ಮ್. ಮೈಯೆಲ್ಲ ಕಾಫಿ ಗಿಡದ ರೆಂಬೆ ಗೀಚಿದ ಗೆರೆ, ಒಂದು ಬಾಗಿಲು ತಗ್ಗು. ನೋಡಿದವರು ಮೂಗು ಮುರಿಯಬೇಕು. ನಾವು ಬೆಳಿಗ್ಗೆ ಆರಕ್ಕೇ ಹೋದೆವು; ತಣ್ಣಗಿರುವ ಎಂಜಿನ್ನು ಮಾತ್ರವೇ ನಿಜ ನುಡಿಯುತ್ತದೆ. ಬಾನೆಟ್ಟನ್ನು ಮುಟ್ಟಿ, ಯಾರೂ ಮುಂಚೆ ಓಡಿಸಿ ಬಿಸಿ ಮಾಡಿಲ್ಲವೆಂದು ಖಚಿತಪಡಿಸಿಕೊಂಡೆವು. ಮೊದಲ ಪ್ರಯತ್ನಕ್ಕೇ ಎದ್ದಿತು. ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲನ್ನು ಕುಡಿಯುತ್ತಿದೆಯೆಂದು ತಿಳಿಯಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಣಿಸುವ ನೀರು ಒಳಸೇರುತ್ತಿರಬಹುದು. ದಟ್ಟ ಕರಿ ಹೊಗೆಯಾದರೆ ಡೀಸೆಲ್ಲು ಸರಿಯಾಗಿ ಉರಿಯುತ್ತಿಲ್ಲ. ಮೂರೂ ಇರಲಿಲ್ಲ. ಎಂಜಿನ್ನು ಓಡುತ್ತಿರುವಾಗಲೇ ಆಯಿಲ್ ಮುಚ್ಚಳವನ್ನು ತೆಗೆದರೆ ಒಳಗಿನಿಂದ ಹೊಗೆ ಉಗಿಬಂಡಿಯಂತೆ ಹೊಮ್ಮಲಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆಯಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2317 ಎಂದಿತ್ತು, ಎಂದರೆ 2017ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟೈರು, ಬದಲಿಸಲೇಬೇಕು. ಕ್ಲಚ್ಚೂ ಸವೆದಿತ್ತು. ಆದರೆ ಚಾಸಿಯ ಉದ್ದಕ್ಕೂ ಸುತ್ತಿಗೆಗೆ ಒಂದೇ ದನಿ. ತೋಟದ ಕೆಸರಿನಲ್ಲಿ ಇಳಿಗೇರು ಹಾಕಿದರೆ ಸದ್ದಿಲ್ಲದೆ ಏರಿತು.

ಕಾಗದಪತ್ರದ ಮಾತು ಉಳಿಯಿತು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಪರೀಕ್ಷೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಗಾಡಿಗೆ ಹದಿನೈದು ತುಂಬುವುದು 2029ಕ್ಕೆ. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆ. ಗಾಡಿಯ ಮೇಲೆ ಸಾಲವಿದ್ದರೆ ತೀರಿತೆಂಬುದಕ್ಕೆ 35ನೆಯ ನಮೂನೆ. ಪುಸ್ತಕದಲ್ಲಿರುವ ಚಾಸಿಯ ಸಂಖ್ಯೆಯನ್ನು ಚಾಸಿಯ ಮೇಲಿರುವುದರೊಡನೆ ಅಕ್ಷರಶಃ ತಾಳೆ ನೋಡಬೇಕು. ಪಾಠಾಂತರಗಳು ಹಳೆಗನ್ನಡ ಕಾವ್ಯಕ್ಕೆ ಶೋಭೆ, ಗಾಡಿಗಲ್ಲ. ದೆಹಲಿ ಸೀಮೆಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ನಿರ್ಬಂಧ ವಿಧಿಸಿದ ಮೇಲೆ ಆ ಕಡೆಯವು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತವೆ. ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಮರುನೋಂದಣಿ ಎಲ್ಲವನ್ನೂ ಕೂಡಿಸಿದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಮೈಮೇಲಿನ ಗೀಚುಗಳ ದೆಸೆಯಿಂದ ಬೆಲೆ 5,40,000ಕ್ಕೆ ಇಳಿಯಿತು. ಟೈರು, ಕ್ಲಚ್ಚು, ಬ್ಯಾಟರಿ, ಆಯಿಲು, ಕೂಲಿ ಸೇರಿ 1,10,000. ಉಳಿದ 50,000ದಲ್ಲಿ ವಿಮೆಯೂ ವರ್ಗಾವಣೆಯೂ ಮುಗಿದು ಅಲ್ಪಸ್ವಲ್ಪ ಮಿಕ್ಕಿತು. ಕಾಲೇಜಿಗೆ ನಾನು ಈಗಲೂ ಸ್ಕೂಟರಿನಲ್ಲೇ ಹೋಗುತ್ತೇನೆ. ಲೀಟರಿಗೆ ಹತ್ತು ಹನ್ನೊಂದು ಕಿಲೋಮೀಟರು ಓಡುವ ಗಾಡಿಯನ್ನು ದಿನವೂ ಹೊರತೆಗೆಯುವುದು ಅಧ್ಯಾಪಕನ ಸಂಬಳಕ್ಕೆ ಒಪ್ಪುವುದಿಲ್ಲ. ಕಳೆದ ಶ್ರಾವಣದ ಒಂದು ರಾತ್ರಿ ತಾಯಿಯವರಿಗೆ ಎದೆನೋವು ಕಾಣಿಸಿಕೊಂಡಾಗ ಅದು ಇಳಿಗೇರಿನಲ್ಲಿ ಆ ಏರನ್ನು ದಾಟಿ, ಮುಕ್ಕಾಲು ಗಂಟೆಯಲ್ಲಿ ಅವರನ್ನು ವೈದ್ಯರ ಮುಂದೆ ನಿಲ್ಲಿಸಿತು. ನಾಲ್ಕು ದಿನಕ್ಕೆ ಅವರು ಮನೆಗೆ ಮರಳಿ ದೀಪ ಹಚ್ಚಿದರು.

ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ನಾಲ್ಕು ಚಕ್ರದ ಬಲ ಬೇಕಾಗುವುದು ಹತ್ತೋ ಹದಿನೈದೋ ದಿನ. ಉಳಿದ ದಿನಗಳಲ್ಲಿ ಅದು ಕೊಟ್ಟಿಗೆಯ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತದೆ, ನೋಡಿದವರಿಗೆ ದುಂದೆನಿಸಲೂಬಹುದು. ಹಳೆಯ ಗಾಡಿಯನ್ನು ಕೊಳ್ಳುವವನು ಕೊಳ್ಳುವುದು ಅದರ ಕಳೆದ ವೈಭವವನ್ನಲ್ಲ, ಉಳಿದ ಆಯುಷ್ಯವನ್ನು. ಆ ಆಯುಷ್ಯ ಎಷ್ಟೆಂಬುದನ್ನು ಮೈಯ ಬಣ್ಣ ಹೇಳುವುದಿಲ್ಲ, ಅಡಿಯ ಉಕ್ಕು ಹೇಳುತ್ತದೆ. ಎಲ್ಲಿ ವ್ಯಯವಾಗಬೇಕೆಂಬುದನ್ನು ನಾವು ಹೋಗಬೇಕಾದ ದಾರಿ ಹೇಳುತ್ತದೆ. ಇವೆರಡನ್ನೂ ಕೇಳಿಸಿಕೊಳ್ಳುವಷ್ಟು ವ್ಯವಧಾನವಿದ್ದರೆ, ಕಿಸೆ ಚಿಕ್ಕದಾದರೂ ಚಿಂತೆಯಿಲ್ಲ.