ಮೂಡಲಗಿಯಿಂದ ಎಂ.ಎ.ಗೆ: ಧಾರವಾಡವೋ ಬೆಳಗಾವಿಯೋ?

ಪ್ರಶ್ನೆ: ಅಪ್ಪ ಎಂ.ಎ. ಓದಿದ್ದು ಧಾರವಾಡದಲ್ಲಿ. ನಮಗೆ ಮಾತ್ರ ಎಲ್ಲರೂ ಬೆಳಗಾವಿಗೆ ಅರ್ಜಿ ಹಾಕು ಎನ್ನುತ್ತಾರೆ. ಏಕೆ?
– ಓದುಗರೊಬ್ಬರು, ಮೂಡಲಗಿ

ಉತ್ತರ: ಆಗ ಗೋಕಾಕ, ಹುಕ್ಕೇರಿ ಕಡೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಬೆಳಗಾವಿ ಬಳಿಯ ಭೂತರಾಮನಹಟ್ಟಿಯಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರವೇ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ನಿಮ್ಮ ತಾಲೂಕು ಈಗ ಅದರ ವ್ಯಾಪ್ತಿಯಲ್ಲಿದೆ. ಧಾರವಾಡದ ಬಾಗಿಲೇನೂ ಮುಚ್ಚಿಲ್ಲ, ಆದರೆ ಹೊರಗಿನವರಿಗೆ ಸೀಟು ಕಡಿಮೆ. ನನ್ನನ್ನು ಕೇಳಿದರೆ ಎರಡಕ್ಕೂ ಹಾಕಿ. ಬೆಳಗಾವಿಯ ಅರ್ಜಿ ಯುಯುಸಿಎಂಎಸ್ ಎಂಬ, ರಾಜ್ಯದ ವಿಶ್ವವಿದ್ಯಾಲಯಗಳ ಏಕೀಕೃತ ಜಾಲತಾಣದಲ್ಲಿ. ಅಲ್ಲಿ ಮೀಸಲಾತಿ ಕೇಳುವವರು ಎಡವುವುದು ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿಸಿರುವ ಆರ್‌ಡಿ ಸಂಖ್ಯೆಯಲ್ಲಿ. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಆ ಸಂಖ್ಯೆ ನಡೆಯದು; ಅರ್ಜಿ ಕರೆಯುವವರೆಗೆ ಕಾಯಬೇಡಿ, ಈ ವಾರವೇ ನಾಡಕಚೇರಿಗೆ ಹೋಗಿ ಬನ್ನಿ.